ಬಾಗಿಲು ಮೇಲಕ್ಕೆ ಏಕೆ ತೆರೆಯುತ್ತದೆ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ನಾನು ಆಟೊಮೊಬೈಲ್ ಎಂಜಿನಿಯರಿಂಗ್ ಪಾಠ ಹೇಳುವವನೆಂದು ತಿಳಿದವರು, ಅವರು ಮೊದಲ ವರ್ಷದ ವಿದ್ಯಾರ್ಥಿಗಳಿರಲಿ, ಮದುವೆಯೂಟದಲ್ಲಿ ಪಕ್ಕದ ಎಲೆಗೆ ಕೂತ ನೆಂಟರಿರಲಿ, ಬಹಳ ಸಲ ಕೇಳುವ ಪ್ರಶ್ನೆ ಒಂದೇ: "ಆ ಲ್ಯಾಂಬೊರ್ಗಿನಿ ಕಾರಿನ ಬಾಗಿಲು ಮೇಲಕ್ಕೆ ಯಾಕೆ ತೆರೆಯುತ್ತದೆ? ಬರೀ ಶೋಕಿಗಾ?" ನಿಂತಲ್ಲೇ ಎರಡು ಮಾತಿನಲ್ಲಿ ಉತ್ತರ ಹೇಳಿ ಮುಗಿಸಬಹುದು, ಮುಗಿಸಿಯೂ ಇದ್ದೇನೆ, ಆದರೆ ಪ್ರತಿ ಸಲವೂ ಹೇಳಬೇಕಾದದ್ದು ಉಳಿದುಹೋಯಿತೆಂಬ ಕೊರಗು ಉಳಿಯುತ್ತದೆ. ಆ ಬಾಗಿಲಿನ ಕಾರಣವನ್ನು ಹುಡುಕುತ್ತ ಹೋದರೆ ನಾವು ತಲಪುವುದು ಗೇರ್‌ಬಾಕ್ಸಿಗೆ, ಮತ್ತು ಅಲ್ಲಿಯವರೆಗಿನ ದಾರಿಯಲ್ಲಿ ಇಡೀ ಕಾರಿನ ವಿನ್ಯಾಸ ಕಣ್ಣಿಗೆ ಬೀಳುತ್ತದೆ. ಆ ದಾರಿಯನ್ನು ಒಮ್ಮೆ ಪೂರ್ತಿಯಾಗಿ ಬರೆದಿಡಬೇಕೆಂದು ಈ ಲೇಖನ.

ನಾನು ಹೇಳಹೊರಟಿರುವುದು 1971ರ ಮಾರ್ಚ್‌ನಲ್ಲಿ ಜಿನೀವಾ ಮೋಟಾರು ಪ್ರದರ್ಶನದ ಕಾರುಗಳ ಮೈ ರೂಪಿಸುವ ಇಟಲಿಯ ಸಂಸ್ಥೆ ಬೆರ್ತೋನೆಯ ಮಳಿಗೆಯಲ್ಲಿ ನಿಂತಿದ್ದ ಒಂದು ಹಳದಿ ಕಾರಿನ ಬಗ್ಗೆ. ಅದರ ಹೆಸರು ಲ್ಯಾಂಬೊರ್ಗಿನಿ ಕೂಂಟಾಚ್ ಎಲ್‌ಪಿ 500. ಆಕಾರ ಕೊಟ್ಟವರು ಬೆರ್ತೋನೆ ಸಂಸ್ಥೆಯಲ್ಲಿದ್ದ ಮಾರ್ಚೆಲ್ಲೊ ಗಾಂಡೀನಿ, ಯಂತ್ರಭಾಗವನ್ನು ರೂಪಿಸಿದವರು ಲ್ಯಾಂಬೊರ್ಗಿನಿಯ ಎಂಜಿನಿಯರ್ ಪಾವೊಲೊ ಸ್ಟಾಂಜಾನಿ. ಅದು ಮಾರಾಟಕ್ಕೆಂದು ಮಾಡಿದ ಕಾರಲ್ಲ, ಒಂದೇ ಒಂದು ಮೂಲಮಾದರಿ. ನೆಲದಿಂದ ಛಾವಣಿಯವರೆಗೆ ಅದರ ಎತ್ತರ ಸುಮಾರು 1.03 ಮೀಟರ್, ಅಂದರೆ ಪಕ್ಕದಲ್ಲಿ ನಿಂತವರ ಸೊಂಟದ ಮಟ್ಟ. ಹೆಸರಿನ ಬಗ್ಗೆ ಗಾಂಡೀನಿಯವರೇ ಹೇಳಿರುವುದು ಹೀಗೆ: ಕಾರನ್ನು ಕಟ್ಟುತ್ತಿದ್ದವರಲ್ಲಿ ಇಟಲಿಯ ಪಿಯೆಮೊಂತೆ ಸೀಮೆಯ ಆಡುಮಾತನ್ನೇ ಆಡುವ ಒಬ್ಬ ಕುಶಲಕರ್ಮಿ ಇದ್ದ, ಆ ಮಾತಿನಲ್ಲಿ ಬೆರಗಾದಾಗ ಬಾಯಿಗೆ ಬರುವ ಉದ್ಗಾರ ಅದು. ಮೂಲದಲ್ಲಿ ಅಂಟುಜಾಡ್ಯವೆಂಬ ಅರ್ಥದ ಪದವಾದರೂ ನಾವು "ಅಬ್ಬಬ್ಬಾ" ಅನ್ನುವ ಕಡೆ ಅವರು ಅದನ್ನು ಅನ್ನುತ್ತಾರೆ.

ಈಗ ಎಂಜಿನ್ನಿನ ಜಾಗಕ್ಕೆ ಬರೋಣ. ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ ನಡುವೆ, ಚಾಲಕನ ಬೆನ್ನಿನ ಹಿಂದೆ ಎಂಜಿನ್ ಇರುವ ಕಾರನ್ನು ನಡು ಎಂಜಿನ್ನಿನ ಕಾರು ಎನ್ನುತ್ತೇವೆ. ಇದರಿಂದ ಏನು ಲಾಭವೆಂದು ವಿದ್ಯಾರ್ಥಿಗಳು ಕೇಳಿದಾಗ ನಾನು ಕಾವಡಿಯ ಉದಾಹರಣೆ ಕೊಡುತ್ತೇನೆ. ಹೆಗಲ ಮೇಲಿನ ಕಾವಡಿಯ ಎರಡು ತುದಿಗಳಲ್ಲಿ ತುಂಬಿದ ಕೊಡಗಳನ್ನು ತೂಗಿಬಿಟ್ಟುಕೊಂಡು ಗಕ್ಕನೆ ತಿರುಗಲು ಹೋದರೆ, ಮೊದಲು ಕೊಡಗಳು ಕದಲುವುದಿಲ್ಲ, ಕದಲಿದ ಮೇಲೆ ನಿಲ್ಲುವುದಿಲ್ಲ. ಅದೇ ಎರಡು ಕೊಡಗಳನ್ನು ಮೈಗೆ ಆನಿಸಿ ಎತ್ತಿಕೊಂಡರೆ, ತೂಕ ಅಷ್ಟೇ ಇದ್ದರೂ, ಹಿಮ್ಮಡಿಯ ಮೇಲೆ ಸಲೀಸಾಗಿ ತಿರುಗಬಹುದು. ಕಾರಿನಲ್ಲಿ ಅತಿ ಭಾರದ ವಸ್ತುಗಳು ಎಂಜಿನ್ ಮತ್ತು ಗೇರ್‌ಬಾಕ್ಸ್. ಅವು ನಡುವಿಗೆ ಹತ್ತಿರವಾದಷ್ಟೂ ಕಾರು ತಿರುವಿನಲ್ಲಿ ಸ್ಟಿಯರಿಂಗ್ ಮಾತನ್ನು ಬೇಗ ಕೇಳುತ್ತದೆ. ಜೊತೆಗೆ, ಎಂಜಿನ್ ಓಡಿಸುವುದು ಹಿಂದಿನ ಚಕ್ರಗಳನ್ನಾದ್ದರಿಂದ ಅವುಗಳ ಮೇಲೆ ತೂಕ ಬಿದ್ದರೆ ಹಿಡಿತವೂ ಹೆಚ್ಚುತ್ತದೆ. ಹಾಗೆಂದು ಎಂಜಿನ್ನಿನ ಜಾಗವೊಂದರಿಂದಲೇ ಕಾರು ಸ್ಪೋರ್ಟ್ಸ್ ಕಾರಾಗುವುದಿಲ್ಲ. ನಮ್ಮೂರುಗಳಲ್ಲಿ ದಶಕಗಳ ಕಾಲ ಶಾಲಾ ಮಕ್ಕಳನ್ನೂ ತರಕಾರಿ ಮೂಟೆಗಳನ್ನೂ ಹೊತ್ತ ಮಾರುತಿ ಓಮ್ನಿಯ ಎಂಜಿನ್ ಕೂಡ ಮುಂದಿನ ಸೀಟುಗಳ ಅಡಿಯಲ್ಲೇ ಇತ್ತು, ಅದು ಓಡಿಸುತ್ತಿದ್ದುದೂ ಹಿಂದಿನ ಚಕ್ರಗಳನ್ನೇ.

ಕೂಂಟಾಚ್‌ಗೆ ಮುಂಚೆ ಲ್ಯಾಂಬೊರ್ಗಿನಿಯಲ್ಲಿ ಮಿಯೂರ ಇತ್ತು. ಅದರ ಬರಿಯ ಚಾಸಿಯನ್ನು, ಅಂದರೆ ಮೈ ಹೊದಿಸದ ಅಡಿಗಟ್ಟನ್ನು, 1965ರ ಟ್ಯೂರಿನ್ ಪ್ರದರ್ಶನದಲ್ಲಿ ಇಟ್ಟರು, ಪೂರ್ಣ ಕಾರನ್ನು 1966ರಲ್ಲಿ ಜಿನೀವಾದಲ್ಲಿ. ಜಾನ್ ಪಾವೊಲೊ ದಲ್ಲಾರ, ಸ್ಟಾಂಜಾನಿ, ನ್ಯೂಜಿಲೆಂಡಿನಿಂದ ಬಂದಿದ್ದ ಪರೀಕ್ಷಾ ಚಾಲಕ ಬಾಬ್ ವ್ಯಾಲೆಸ್ ಸೇರಿ ಕಟ್ಟಿದ ಕಾರದು. ಮೈ ರೂಪಿಸಿದವರು ಅಲ್ಲಿಯೂ ಗಾಂಡೀನಿಯೇ. ಹನ್ನೆರಡು ಸಿಲಿಂಡರುಗಳ, 3,929 ಸಿಸಿಯ ಎಂಜಿನ್ನನ್ನು ಅವರು ಸೀಟುಗಳ ಹಿಂದೆ ಅಡ್ಡಲಾಗಿ ಕೂರಿಸಿದ್ದರು. ಚೆಲುವಿನಲ್ಲಿ ಮಿಯೂರಕ್ಕೆ ಸಾಟಿಯಾದ ಕಾರು ನನ್ನ ಕಣ್ಣಿಗೆ ಇನ್ನೂ ಬಿದ್ದಿಲ್ಲ. ಆದರೆ ಅದರ ತೊಂದರೆಗಳೂ ಆ ಜೋಡಣೆಯಿಂದಲೇ ಹುಟ್ಟಿದ್ದವು. ಗೇರ್‌ಬಾಕ್ಸ್ ಎಂಜಿನ್ನಿನ ಹಿಂದೆ ಇದ್ದುದರಿಂದ ಚಾಲಕನ ಕೈಯಲ್ಲಿರುವ ಗೇರ್ ಲಿವರಿನಿಂದ ಅಲ್ಲಿಯವರೆಗೆ ಉದ್ದನೆಯ ಸರಳುಗಳು ಹೋಗಬೇಕಿತ್ತು, ಆದಕಾರಣ ಗೇರ್ ಬದಲಿಸುವುದು ಬಿಗಿ ಕೆಲಸವಾಗಿತ್ತು. ಮೊದಮೊದಲ ಮಿಯೂರಗಳಲ್ಲಿ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ಆಯಿಲ್ ಒಂದೇ. ಪೆಟ್ರೋಲ್ ಟ್ಯಾಂಕ್ ಮೂತಿಯಲ್ಲಿದ್ದುದರಿಂದ ಅದು ಖಾಲಿಯಾಗುತ್ತ ಬಂದ ಹಾಗೆ ಮುಂಭಾಗ ಹಗುರಾಗಿ, ಅತಿ ವೇಗದಲ್ಲಿ ಮುಂದಿನ ಚಕ್ರಗಳ ಹಿಡಿತ ಸಡಿಲವಾಗುತ್ತಿತ್ತು.

ಮುಂದಿನ ಕಾರಿಗೆ ಸ್ಟಾಂಜಾನಿ ಮಾಡಿದ ಕೆಲಸವನ್ನು ನಾನು ಪ್ರತಿ ವರ್ಷ ಕರಿಹಲಗೆಯ ಮೇಲೆ ಬಿಡಿಸುತ್ತೇನೆ, ಪ್ರತಿ ವರ್ಷವೂ ಅದು ನನಗೆ ಹೊಸದಾಗಿಯೇ ಕಾಣುತ್ತದೆ. ಎಂಜಿನ್ನನ್ನು ಕಾರಿನ ಉದ್ದಕ್ಕೆ ಸರಿಯಾಗಿ ತಿರುಗಿಸಿ ಇಡಬೇಕೆಂದು ಅವರು ತೀರ್ಮಾನಿಸಿದರು. ಎಲ್‌ಪಿ ಎಂಬ ಎರಡಕ್ಷರಗಳ ಅರ್ಥವೇ ಇಟಾಲಿಯನ್ನಿನಲ್ಲಿ 'ಉದ್ದಕ್ಕೆ, ಹಿಂದೆ' ಎಂದು. ಆದರೆ ಹನ್ನೆರಡು ಸಿಲಿಂಡರುಗಳ ಎಂಜಿನ್ ಉದ್ದವಾದದ್ದು. ವಾಡಿಕೆಯಂತೆ ಅದರ ಬೆನ್ನಿಗೆ ಗೇರ್‌ಬಾಕ್ಸನ್ನು ಜೋಡಿಸಿದರೆ ಕಾರಿನ ಬಾಲ ಬೆಳೆಯುತ್ತದೆ, ಭಾರ ಹಿಂದಿನ ಅಚ್ಚಿನಿಂದಾಚೆಗೆ ಜಾರುತ್ತದೆ, ಕಾವಡಿಯ ಕೊಡ ಮತ್ತೆ ತುದಿಗೆ ಹೋದಂತಾಗುತ್ತದೆ. ಆದ್ದರಿಂದ ಅವರು ಇಡೀ ಜೋಡಿಯನ್ನೇ ಹಿಂದುಮುಂದು ಮಾಡಿದರು. ಗೇರ್‌ಬಾಕ್ಸ್ ಎಂಜಿನ್ನಿನ ಮುಂದಕ್ಕೆ ಬಂದು ಎರಡು ಸೀಟುಗಳ ನಡುವೆ ಚಾಚಿಕೊಂಡಿತು. ಚಾಲಕನ ಗೇರ್ ಲಿವರ್ ಹೆಚ್ಚುಕಡಿಮೆ ನೇರವಾಗಿ ಅದರ ಮೇಲೆಯೇ ನಿಂತಿತು. ಹಾಗಾದರೆ ಶಕ್ತಿ ಹಿಂದಿನ ಚಕ್ರಗಳಿಗೆ ಹೋಗುವುದು ಹೇಗೆ? ಗೇರ್‌ಬಾಕ್ಸಿನಿಂದ ಒಂದು ಶಾಫ್ಟ್ ಹಿಂದಕ್ಕೆ ಹೊರಟು, ಎಂಜಿನ್ನಿನ ಆಯಿಲ್ ಚೇಂಬರಿನೊಳಗೇ, ಆಯಿಲ್ ತಾಗದಂತೆ ಮುಚ್ಚಿದ ಒಂದು ಕೊಳವೆಯಲ್ಲಿ ಹಾದು, ಎರಡು ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ಲನ್ನು ಸೇರುತ್ತದೆ. ಎಂಜಿನ್ನಿನ ಶಕ್ತಿ ಮೊದಲು ಮುಂದಕ್ಕೆ ಬಂದು, ಗೇರ್‌ಬಾಕ್ಸನ್ನು ಸುತ್ತಿ, ತನ್ನದೇ ಎಂಜಿನ್ನಿನ ಹೊಟ್ಟೆಯೊಳಗಿಂದ ಹಿಂದಿರುಗುತ್ತದೆ ಎಂದು ಹೇಳಿದಾಗ ಕೊನೆಯ ಬೆಂಚಿನವರೂ ತಲೆಯೆತ್ತುತ್ತಾರೆ. ಶಾಫ್ಟಿಗೆ ದಾರಿ ಬಿಡಬೇಕಾದ್ದರಿಂದ ಎಂಜಿನ್ ಸ್ವಲ್ಪ ಎತ್ತರದಲ್ಲಿ ಕೂರಬೇಕಾಯಿತು, ಅದು ತೆತ್ತ ಬೆಲೆ. ಪಡೆದದ್ದೇನೆಂದರೆ, ಎಂಜಿನ್ ಅಡ್ಡಲಾಗಿದ್ದ ಮಿಯೂರದ ಎರಡು ಅಚ್ಚುಗಳ ಅಂತರ 2,500 ಮಿಲಿಮೀಟರ್ ಇದ್ದರೆ, ಎಂಜಿನ್ ಉದ್ದಕ್ಕೆ ಮಲಗಿದ ಕೂಂಟಾಚ್‌ನಲ್ಲಿ ಅದು 2,450 ಮಾತ್ರ. ಉದ್ದದ ವಸ್ತುವನ್ನು ಉದ್ದಕ್ಕೇ ಇಟ್ಟೂ ಕಾರನ್ನು ಗಿಡ್ಡ ಮಾಡಿದ ಈ ಲೆಕ್ಕಕ್ಕೆ ನಾನು ಮನಸಾರೆ ತಲೆಬಾಗುತ್ತೇನೆ.

ಇಲ್ಲಿಂದ ಮುಂದೆ ಗಾಂಡೀನಿಯವರ ಕೆಲಸ. ಸೀಟುಗಳ ಬೆನ್ನಿಗೇ ಎಂಜಿನ್ ಬಂದು ನಿಂತಿದ್ದರಿಂದ ಕೂರುವವರು ಮುಂದಕ್ಕೆ ಸರಿಯಬೇಕಾಯಿತು, ಎಷ್ಟೆಂದರೆ ಅವರ ಪಾದಗಳು ಮುಂದಿನ ಚಕ್ರಗಳ ಗೂಡುಗಳ ನಡುವೆ ಹೋದವು. ಕೂರುವವರು ಮುಂದೆ ಬಂದಾಗ ಮುಂದಿನ ಗಾಜೂ ಮುಂದಕ್ಕೆ ಬಂದು ಬಾನೆಟ್ ಮೋಟಾಯಿತು. ಹೀಗೆ ಉಳಿದ ಮೋಟು ಬಾನೆಟ್ಟನ್ನೂ, ಮಲಗಿದಂತಿರುವ ಗಾಜನ್ನೂ ಅವರು ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿ ಎಳೆದರು; ಮೂತಿಯ ಅಂಚಿನಿಂದ ಛಾವಣಿಯವರೆಗೆ ಕೈಯಾಡಿಸಿದರೆ ಎಲ್ಲಿಯೂ ಮೆಟ್ಟಿಲು ಸಿಗದಂತಹ ಗೆರೆ. ನಾವು ಬೆಣೆಯಾಕಾರ ಎನ್ನುವ ರೂಪ ಇದೇ. ದೀಪಗಳನ್ನು ಮೂತಿಯೊಳಗೆ ಮಡಚಿಟ್ಟು, ಬೇಕಾದಾಗ ಮೇಲೇಳುವಂತೆ ಮಾಡಿದರು. ಹಿಂದಿನ ಚಕ್ರದ ಮೇಲಿನ ಕಮಾನನ್ನು ದುಂಡಗೆ ಬಿಡದೆ ಓರೆಯಾಗಿ ಕತ್ತರಿಸಿದ್ದು ಅವರ ಕೈಗುರುತು. ಆ ಕಮಾನಿಗೆ ಯಾಂತ್ರಿಕ ಕಾರಣ ಹುಡುಕಬೇಕಾಗಿಲ್ಲ, ಅದು ಅಂದಕ್ಕೇ ಇರುವುದು, ಅಂದವಾಗಿಯೂ ಇದೆ. ನೋಟಕ್ಕೆ ಗಾಳಿಯನ್ನು ಸೀಳಿಕೊಂಡು ಹೋಗುವಂತಿದ್ದರೂ ಗಾಳಿಯ ಪ್ರತಿರೋಧದ ಲೆಕ್ಕದಲ್ಲಿ ಈ ಆಕಾರ ಅಷ್ಟೇನೂ ಒಳ್ಳೆಯದಲ್ಲ ಎಂಬುದನ್ನೂ ಹೇಳಿಬಿಡಬೇಕು.

ಗೇರ್‌ಬಾಕ್ಸ್ ನಡುವೆ ಬಂದದ್ದು ಕಾರಿನ ಅಗಲದ ಮೇಲೂ ಪರಿಣಾಮ ಬೀರಿತು. ಎರಡು ಸೀಟುಗಳ ಮಧ್ಯೆ ದಪ್ಪ ದಿಬ್ಬ, ಹೊರಬದಿಗಳಲ್ಲಿ ಅಗಲವಾದ, ಎತ್ತರವಾದ ಹೊಸ್ತಿಲು. ಒಟ್ಟು ಅಗಲ ಸುಮಾರು 1.87 ಮೀಟರ್, ಆ ಕಾಲದ ಎರಡು ಸೀಟಿನ ಕಾರಿಗೆ ಅದು ಬಹಳವೇ ಆಯಿತು. ಇಷ್ಟು ತಗ್ಗಾದ, ಅಗಲವಾದ ಕಾರಿಗೆ ಪಕ್ಕಕ್ಕೆ ತೆರೆಯುವ ಮಾಮೂಲಿ ಬಾಗಿಲನ್ನು ಹಾಕಿದರೆ ಏನಾಗುತ್ತದೆಂದು ಊಹಿಸಿಕೊಳ್ಳಿ. ಆ ಹೊಸ್ತಿಲನ್ನು ದಾಟಿ ಕಾಲು ಹೊರಗಿಡಬೇಕಾದರೆ ಉದ್ದನೆಯ ಬಾಗಿಲನ್ನು ಪೂರ್ತಿ ತೆರೆಯಬೇಕು, ಪೂರ್ತಿ ತೆರೆಯಲು ಪಕ್ಕದಲ್ಲಿ ಇನ್ನೊಂದು ಕಾರು ನಿಲ್ಲುವಷ್ಟು ಜಾಗ ಬೇಕು. ಗಾಂಡೀನಿ ಬಾಗಿಲಿನ ತಿರುಗಣೆಯನ್ನು ಅದರ ಮುಂದಿನ ತುದಿಯಲ್ಲಿ ಇಟ್ಟು, ಇಡೀ ಬಾಗಿಲು ಕತ್ತರಿಯ ಅಲಗಿನಂತೆ ನೇರವಾಗಿ ಮೇಲಕ್ಕೇಳುವಂತೆ ಮಾಡಿದರು. ಕಾರಿನ ಅಗಲದಿಂದಾಚೆಗೆ ಅದು ಹೆಚ್ಚಾಗಿ ಚಾಚುವುದೇ ಇಲ್ಲ. ಈ ಬಗೆಯ ಬಾಗಿಲನ್ನು ಅವರು ಮೊದಲು ಮಾಡಿದ್ದು 1968ರ ಪ್ಯಾರಿಸ್ ಪ್ರದರ್ಶನಕ್ಕೆ ತಂದ ಆಲ್ಫಾ ರೋಮಿಯೊ ಕಾರಾಬೊ ಎಂಬ ಮೂಲಮಾದರಿಯಲ್ಲಿ. ಅದೂ ನಡು ಎಂಜಿನ್ನಿನದೇ, ಎತ್ತರ ಒಂದು ಮೀಟರಿಗೂ ಕಡಿಮೆ.

ಇನ್ನೊಂದು ಉಪಯೋಗವೂ ಇತ್ತು, ಅದನ್ನು ಕೇಳಿದವರಿಗೆ ಒಮ್ಮೊಮ್ಮೆ ನಂಬಿಕೆ ಬರುವುದಿಲ್ಲ. ಬೆನ್ನ ಹಿಂದೆ ಎಂಜಿನ್ ಇರುವ ಈ ಕಾರಿನಲ್ಲಿ ಹಿಂದಿನದು ಕಾಣುವುದು ತೀರ ಕಡಿಮೆ. ರಿವರ್ಸ್ ತೆಗೆದುಕೊಳ್ಳುವಾಗ ಬಾಗಿಲನ್ನು ಮೇಲಕ್ಕೆತ್ತಿ, ಆ ಅಗಲವಾದ ಹೊಸ್ತಿಲ ಮೇಲೆ ಕುಳಿತು, ಮೈಯನ್ನು ಹೊರಕ್ಕೆ ಬಾಗಿಸಿ, ಕುತ್ತಿಗೆ ತಿರುಗಿಸಿ ಹಿಂದೆ ನೋಡುತ್ತ, ಒಂದು ಕೈಯಲ್ಲಿ ಸ್ಟಿಯರಿಂಗ್ ಹಿಡಿದು ಕಾರನ್ನು ಹಿಂದಕ್ಕೆ ಬಿಡುವುದು ಕೂಂಟಾಚ್ ಮಾಲೀಕರ ರೂಢಿಯೇ ಆಯಿತು. ಪಕ್ಕಕ್ಕೆ ತೆರೆಯುವ ಬಾಗಿಲಿನಲ್ಲಿ ಇದು ಸಾಧ್ಯವಿರಲಿಲ್ಲ. ಮೂಲಮಾದರಿಯಲ್ಲಂತೂ ಹಿಂದಿನದನ್ನು ನೋಡಲು ಛಾವಣಿಯಲ್ಲಿ ಪೆರಿಸ್ಕೋಪ್ ಬಗೆಯ ಕನ್ನಡಿಯನ್ನೇ ಅಳವಡಿಸಿದ್ದರು. ಮಾರಾಟಕ್ಕೆ ಬಂದ ಮೊದಲ ಕಾರುಗಳ ಛಾವಣಿಯಲ್ಲೂ ಅದಕ್ಕಾಗಿ ಮಾಡಿದ ತಗ್ಗು ಉಳಿದುಕೊಂಡಿದೆ. ಹಾಗಾದರೆ ಬಾಗಿಲಿನಲ್ಲಿ ಶೋಕಿಯ ಪಾಲು ಇಲ್ಲವೇ ಎಂದರೆ, ಖಂಡಿತ ಇದೆ. ರೆಕ್ಕೆ ಎತ್ತಿ ನಿಂತ ಆ ಕಾರು ನೋಡುಗರ ಮೇಲೆ ಏನು ಮಾಡುತ್ತದೆಂದು ಗಾಂಡೀನಿಯವರಿಗೆ ಚೆನ್ನಾಗಿಯೇ ಗೊತ್ತಿತ್ತು. ಕಾರು ತಲೆಕೆಳಗಾಗಿ ಬಿದ್ದರೆ ಈ ಬಾಗಿಲು ತೆರೆಯುವುದು ಕಷ್ಟ ಎಂಬ ನಿಜವಾದ ದೋಷವೂ ಇದೆ. ಆದರೂ ಆ ಅಗಲ, ಆ ಎತ್ತರ, ಆ ಹೊಸ್ತಿಲು ಮೂರೂ ಸೇರಿದ ಕಡೆ ಇದಕ್ಕಿಂತ ಒಪ್ಪುವ ಬಾಗಿಲನ್ನು ನಾನು ಯೋಚಿಸಲಾರೆ. ಇಂದು ಮಾಮೂಲಿ ಕಾರುಗಳಿಗೆ ತಿರುಗಣೆ ಬದಲಿಸಿ ಹೀಗೆ ಬಾಗಿಲೆತ್ತಿಸುವವರನ್ನು ಕಂಡಾಗ ನನಗೆ ಬೇಸರವಾಗುವುದು ಇದಕ್ಕೇ; ಅಲ್ಲಿ ಕಾರಣವಿಲ್ಲದೆ ರೂಪವೊಂದೇ ಬಂದಿರುತ್ತದೆ.

ಈ ಮೂಲಮಾದರಿಯಲ್ಲಿ ಚಿತ್ರವು ಯಂತ್ರದ ಮಾತನ್ನು ಕೇಳದೆ ಹೋದ ಜಾಗವೊಂದಿದೆ. ಮಿಯೂರದಲ್ಲಿ ಮೂತಿಯಲ್ಲಿದ್ದ ರೇಡಿಯೇಟರ್ ಕೂಂಟಾಚ್‌ನಲ್ಲಿ ಹಿಂದಕ್ಕೆ ಹೋಗಿ, ಎರಡಾಗಿ, ಎಂಜಿನ್ನಿನ ಅಕ್ಕಪಕ್ಕದಲ್ಲಿ ನಿಂತಿತು. ಅವಕ್ಕೆ ಗಾಳಿ ಒದಗಿಸಲು ಗಾಂಡೀನಿ ಕಾರಿನ ಭುಜಗಳ ಮೇಲೆ ಮೀನಿನ ಕಿವಿರುಗಳಂತಹ ಸೀಳುಗಳನ್ನು ಬಿಟ್ಟಿದ್ದರು. ಪ್ರದರ್ಶನದ ದೀಪಗಳ ಕೆಳಗೆ ಅವು ಬಹಳ ಚೆನ್ನಾಗಿ ಕಂಡಿರಬೇಕು, ಚಿತ್ರಗಳಲ್ಲಿ ನೋಡಿದರೆ ಈಗಲೂ ಹಾಗೇ ಅನ್ನಿಸುತ್ತದೆ. ಆದರೆ ಬಾಬ್ ವ್ಯಾಲೆಸ್ ಕಾರನ್ನು ರಸ್ತೆಗಿಳಿಸಿ ಪರೀಕ್ಷಿಸತೊಡಗಿದಾಗ ಅಷ್ಟು ಗಾಳಿ ಸಾಲದೆ ಎಂಜಿನ್ ಬಿಸಿಯೇರಿತು. ಸಾಲದ ಗಾಳಿಯನ್ನು ತರಲು ಭುಜಗಳ ಮೇಲೆ ಪೆಟ್ಟಿಗೆಯಂತಹ ಎರಡು ಗಾಳಿಗೂಡುಗಳು ಎದ್ದವು. ಎರಡೂ ಬದಿಗಳಲ್ಲಿ ವಿಮಾನಗಳಿಂದ ಎರವಲು ತಂದ ನಾಕಾ (ಅಮೆರಿಕದ ಹಳೆಯ ವಿಮಾನ ಸಂಶೋಧನಾ ಸಂಸ್ಥೆ) ಬಗೆಯ, ಮುಂದೆ ಕಿರಿದಾಗಿ ಹಿಂದಕ್ಕೆ ಅಗಲವಾಗುತ್ತ ಒಳಗಿಳಿಯುವ ತಗ್ಗುಗಳನ್ನು ಕೊರೆದರು. ಗಾಂಡೀನಿಯ ನುಣುಪಾದ ಮೈ ಕೆಟ್ಟಿತೆಂದು ಕೊರಗುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಗೇರ್‌ಬಾಕ್ಸಿನಿಂದ ಬಾಗಿಲಿನವರೆಗೆ ಯಂತ್ರದ ಅಗತ್ಯವನ್ನೇ ಹಿಂಬಾಲಿಸಿ ಬಂದ ಆಕಾರಕ್ಕೆ ಯಂತ್ರವೇ ಮಾಡಿದ ತಿದ್ದುಪಡಿ ಅದು.

ಬೇರೆ ಬದಲಾವಣೆಗಳೂ ಆದವು. ಪ್ರದರ್ಶನದಲ್ಲಿ 4,971 ಸಿಸಿ, 440 ಅಶ್ವಶಕ್ತಿ ಎಂದು ಹೇಳಿಕೊಂಡಿದ್ದ ಎಂಜಿನ್ ಪರೀಕ್ಷೆಯಲ್ಲಿ ತಾಳಲಿಲ್ಲ. 1974ರಲ್ಲಿ ಮಾರಾಟಕ್ಕೆ ಬಂದ ಎಲ್‌ಪಿ 400 ಮತ್ತೆ ಹಳೆಯ 3,929 ಸಿಸಿಯ ಎಂಜಿನ್ನಿಗೇ ಮರಳಿತು. ಮೂಲಮಾದರಿಯಲ್ಲಿದ್ದ ತಗಡಿನ ತಳದ ಚಾಸಿಯ ಬದಲು ಉಕ್ಕಿನ ಕೊಳವೆಗಳನ್ನು ಬೆಸೆದು ಕಟ್ಟಿದ ಹಂದರ ಬಂತು. ಹಳದಿ ಕಾರನ್ನೇ ಅದೇ ವರ್ಷದ ಆರಂಭದಲ್ಲಿ, ಮಾರಾಟದ ಪರವಾನಗಿಗೆ ಬೇಕಾದ ಡಿಕ್ಕಿ ಪರೀಕ್ಷೆಗೆ ಒಡ್ಡಿ ನುಚ್ಚುಮಾಡಿ ಗುಜರಿಗೆ ಹಾಕಿದರು. ಒಂದು ಕಾಲವನ್ನೇ ತಿರುಗಿಸಿದ ವಸ್ತು ಗೋಡೆಗೆ ಗುದ್ದಿ ಮುಗಿದದ್ದನ್ನು ನೆನೆದರೆ ಇವತ್ತಿಗೂ ಮನಸ್ಸಿಗೆ ನೋವಾಗುತ್ತದೆ. ಸುಮಾರು ಐವತ್ತು ವರ್ಷಗಳ ನಂತರ, ಸಂಗ್ರಾಹಕರೊಬ್ಬರ ಕೋರಿಕೆಯ ಮೇರೆಗೆ, ಲ್ಯಾಂಬೊರ್ಗಿನಿಯ ಹಳೆಯ ಕಾರುಗಳ ವಿಭಾಗವು ಹಳೆಯ ಚಿತ್ರಗಳನ್ನೂ ದಾಖಲೆಗಳನ್ನೂ ಆಧರಿಸಿ, 25,000 ಗಂಟೆಗಳಿಗೂ ಮೀರಿದ ಕೆಲಸದಿಂದ ಅದನ್ನು ಮತ್ತೆ ಕಟ್ಟಿ 2021ರ ಅಕ್ಟೋಬರ್‌ನಲ್ಲಿ ತೋರಿಸಿತು. 1938ರಲ್ಲಿ ಟ್ಯೂರಿನ್‌ನಲ್ಲಿ ಹುಟ್ಟಿದ ಗಾಂಡೀನಿ ತೀರಿಕೊಂಡದ್ದು 2024ರ ಮಾರ್ಚ್‌ನಲ್ಲಿ.

ಮತ್ತೆ ಕಟ್ಟಿದ ಆ ಹಳದಿ ಕಾರಿನ ಚಿತ್ರವನ್ನೂ ಮಾರಾಟಕ್ಕೆ ಬಂದ ಎಲ್‌ಪಿ 400ರ ಚಿತ್ರವನ್ನೂ ಪಕ್ಕಪಕ್ಕದಲ್ಲಿಟ್ಟು, ಎರಡರ ಬಾಗಿಲುಗಳನ್ನು ನೋಡಿ ಎಂದು ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಹಳದಿ ಕಾರಿನ ಬಾಗಿಲು ನುಣುಪಾಗಿದೆ. ಎಲ್‌ಪಿ 400ರಲ್ಲಿ ಎಂಜಿನ್ನಿಗೆ ಗಾಳಿ ಒಯ್ಯುವ ತಗ್ಗು ಬಾಗಿಲಿನಲ್ಲೇ ಶುರುವಾಗಿ ಹಿಂದಿನ ಮೈಗೆ ಹೋಗಿ ಮುಗಿಯುತ್ತದೆ. ಹಾಗಾಗಿ ಬಾಗಿಲನ್ನು ಎತ್ತಿದಾಗ ಆ ತಗ್ಗಿನ ಮುಂಭಾಗವೂ ಬಾಗಿಲ ಜೊತೆಗೇ ಮೇಲೇಳುತ್ತದೆ, ಉಳಿದರ್ಧ ಎಂಜಿನ್ನಿನ ಕಡೆಗೆ ಬಾಯಿ ತೆರೆದುಕೊಂಡು ಕೆಳಗೇ ನಿಲ್ಲುತ್ತದೆ.