ಎರಡು ಇಸವಿಗಳ ಮೇಷ್ಟ್ರು

‘ಸಾಹಿತ್ಯವು ಸಮಾಜದ ಕನ್ನಡಿ’ ಎಂದು ಉತ್ತರ ಶುರುಮಾಡಿದರೆ ನಮ್ಮ ಕನ್ನಡ ಮೇಷ್ಟ್ರು ಅರ್ಧ ಅಂಕ ಕಳೆಯುತ್ತಿದ್ದರು. ಮುಂದೆ ಎಷ್ಟು ಚೆನ್ನಾಗಿ ಬರೆದಿದ್ದರೂ ಆ ಅರ್ಧ ವಾಪಸು ಬರುತ್ತಿರಲಿಲ್ಲ. “ಕನ್ನಡಿ ಅಂದಿರಲ್ಲ, ಅದರಲ್ಲಿ ಕಂಡದ್ದು ಯಾವ ಇಸವಿಯ ಮುಖ?” ಎಂಬ ಪ್ರಶ್ನೆ ಕೆಂಪು ಶಾಯಿಯಲ್ಲಿ ಅಂಚಿನಲ್ಲಿರುತ್ತಿತ್ತು. ಹೋದ ತಿಂಗಳು ಅವರು ತೀರಿಕೊಂಡ ಸುದ್ದಿ ಬಂದಾಗ ನಮ್ಮ ತಂಡದವರಿಗೆಲ್ಲ ಮೊದಲು ನೆನಪಾದದ್ದು ಆ ಅರ್ಧ ಅಂಕವೇ. ಸಿಲಬಸ್ಸಿನಲ್ಲಿ ಏನೇನಿತ್ತು ಎಂದು ಕೇಳಿದರೆ ಒಬ್ಬರಿಗೂ ಹೇಳಲಾಗಲಿಲ್ಲ.

ಅವರ ಕ್ರಮ ಸರಳ. ಯಾವುದೇ ಕಾದಂಬರಿ ಕೈಗೆತ್ತಿಕೊಂಡರೂ ರಟ್ಟಿನ ಒಳಬದಿಯಲ್ಲಿ ಪೆನ್ಸಿಲಿನಿಂದ ಎರಡು ಇಸವಿ ಗುರುತು ಹಾಕಬೇಕು: ಮೇಲೆ ಕಥೆ ನಡೆಯುವ ಕಾಲ, ಕೆಳಗೆ ಬರೆದ ಕಾಲ. ಓದುವಾಗ ಎರಡನ್ನೂ ಕಲಸಬಾರದು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಪ್ರಕಟವಾದದ್ದು 1967ರಲ್ಲಿ, ಕಥೆಯ ಕಾಲ 19ನೇ ಶತಮಾನದ ಕೊನೆ. ಆ ಕಾಲವನ್ನು ಪುಟದ ಮೇಲೆ ಹಿಡಿಯುವುದು ಹೇಗೆ? ಮೇಷ್ಟ್ರು ತೋರಿಸಿದ್ದು ಬೈಸಿಕಲ್ಲನ್ನು. ಎರಡೂ ಗಾಲಿ ಹೆಚ್ಚುಕಡಿಮೆ ಒಂದೇ ಅಳತೆಯಿರುವ, ಸರಪಳಿಯಿಂದ ಓಡುವ ಸೈಕಲ್ಲು ಇಂಗ್ಲೆಂಡಿನ ಮಾರುಕಟ್ಟೆಯಲ್ಲಿ ನೆಲೆನಿಂತದ್ದೇ 1885ರ ಆಚೆಗೆ. ಅದು ಪಾದ್ರಿಯ ಜೊತೆ ಮಲೆನಾಡಿನ ಕಾಡುದಾರಿಗೆ ಬರುತ್ತದೆ, ಬಂದದ್ದೇ ಊರವರ ಬಾಯಲ್ಲಿ ‘ಬೀಸೆಕಲ್ಲು’ ಆಗುತ್ತದೆ. ಈ ಒಂದು ಮಾತಿಗೆ ಅವರು ಇಡೀ ಪೀರಿಯಡ್ ಕೊಟ್ಟರು. ಕಿವಿಗೆ ಬಿದ್ದ ಪರಕೀಯ ಸದ್ದು ಮನೆಯಲ್ಲಿದ್ದ ದುಂಡಗಿನ, ತಿರುಗುವ ವಸ್ತುವನ್ನು, ಅಂದರೆ ಬೀಸುವ ಕಲ್ಲನ್ನು, ಹುಡುಕಿಕೊಂಡು ಹೋಗಿದೆ. ವಸಾಹತು ಕಾಲ, ಮತಪ್ರಚಾರ, ಹೊಸ ಯಂತ್ರ, ಅದನ್ನು ಕಂಡ ಬೆರಗು, ಸಣ್ಣ ನಗೆ, ಎಲ್ಲವೂ ನಾಲ್ಕಕ್ಷರದೊಳಗೆ.

ಕೆಳಗಿನ ಇಸವಿಯ ಪಕ್ಕದಲ್ಲಿ ಆಗಿನ ಕಾನೂನುಗಳ ಇಸವಿ ಬರೆಯುವುದು ಮುಂದಿನ ಹಂತ. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ 1899ರದು, ವಿಧವಾ ವಿವಾಹ ಕಾಯ್ದೆ 1856ರದು. ಕಾಗದದ ಮೇಲೆ ಒಪ್ಪಿಗೆ ಸಿಕ್ಕಿ 43 ವರ್ಷವಾದ ಮೇಲೂ ಅದೇ ವಿಷಯಕ್ಕೆ ಒಂದು ಕಾದಂಬರಿ ಬೇಕಾಯಿತು ಅಂದರೆ ಮನೆಯೊಳಗೆ ಏನು ನಡೆಯುತ್ತಿತ್ತೆಂದು ಊಹಿಸಬಹುದು. ಕಾರಂತರ ‘ಚೋಮನ ದುಡಿ’ (1933) ಇದಕ್ಕೆ ತಿರುಗುಮುರುಗು. ಚೋಮನ ಬಳಿ ಎತ್ತುಗಳಿವೆ, ಉಳಲು ನೆಲವಿಲ್ಲ. ಗೇಣಿದಾರರಿಗೆ ಭೂಮಿ ಕೊಡಿಸಿದ, ಭೂಸುಧಾರಣೆ ಕಾಯ್ದೆಯ ತಿದ್ದುಪಡಿ ಬಂದದ್ದು 1974ರಲ್ಲಿ. ಇಲ್ಲಿ ಕಾನೂನು ಕಾದಂಬರಿಗಿಂತ 41 ವರ್ಷ ಹಿಂದೆ ಬಿದ್ದಿತ್ತು. ಅದು ಬಂದಾಗಲೂ ಚೋಮನಂಥ, ಗೇಣಿಚೀಟಿಯೂ ಇಲ್ಲದವನ ಕೈಗೆ ಎಷ್ಟು ಸಿಕ್ಕೀತು ಎಂಬುದನ್ನು ಮೇಷ್ಟ್ರು ಪ್ರಶ್ನೆಯಾಗಿಯೇ ಬಿಟ್ಟಿದ್ದರು.

ಹಳೆಯ ಕಾವ್ಯದಲ್ಲಿ ಎಡವುವ ಜಾಗ ಬೇರೆ. ಸಮುದ್ರ, ಪರ್ವತ, ಪುರ, ಋತು, ಚಂದ್ರೋದಯ ಹೀಗೆ ಹದಿನೆಂಟು ವರ್ಣನೆಗಳು ಮಹಾಕಾವ್ಯದಲ್ಲಿ ಇರಲೇಬೇಕೆಂಬ ನಿಯಮವಿತ್ತು. ಕಡಲನ್ನೇ ಕಾಣದ ಕವಿಯೂ ಕಡಲನ್ನು ಬಣ್ಣಿಸಿಯಾನು. ಅದನ್ನು ಕಣ್ಣಾರೆ ಕಂಡ ಚಿತ್ರವೆಂದು ನಂಬಿದರೆ ಕೆಟ್ಟೆವು. ಪಂಪನ ‘ವಿಕ್ರಮಾರ್ಜುನ ವಿಜಯ’ದಲ್ಲಿ ಅರ್ಜುನ ಬನವಾಸಿಗೆ ಬಂದಾಗಿನ ಪದ್ಯದಲ್ಲಿ ತೆಂಕಣ ಗಾಳಿ, ಬಿರಿದ ಮಲ್ಲಿಗೆ ಎರಡೂ ಕವಿಗಳ ಸಾಮಾನ್ಯ ಸರಕು. ಅವನ್ನು ಬದಿಗಿಟ್ಟು ಉಳಿದದ್ದನ್ನು ನೋಡಿ ಅನ್ನುತ್ತಿದ್ದರು. ಉಳಿಯುವುದು ಅಂಕುಶವಿಟ್ಟರೂ ನಿಲ್ಲದೆ ನೆನೆಯುವ ಮನಸ್ಸು ಮತ್ತು ಒಂದು ಊರಿನ ಹೆಸರು. ಕವಿಗೆ ಆಶ್ರಯ ಕೊಟ್ಟ ದೊರೆ ಅರಿಕೇಸರಿ ಇದ್ದದ್ದು ದೂರದ ವೇಮುಲವಾಡದಲ್ಲಿ, ನೆನಪು ಮಾತ್ರ ಬನವಾಸಿಯದು. ಇನ್ನು ಕಾವ್ಯ ಬರೆದ 941ರ ರಾಜಕಾರಣ ಬೇಕಿದ್ದರೆ ಕಾವ್ಯದ ಕೊನೆಗೆ ಹೋಗಬೇಕು: ಪಟ್ಟಕ್ಕೇರುವುದು ಧರ್ಮರಾಯನಲ್ಲ, ಅರಿಕೇಸರಿಯ ಜೊತೆ ಒಂದಾಗಿಸಿದ ಅರ್ಜುನ, ಪಕ್ಕದಲ್ಲಿ ಸುಭದ್ರೆ.

ಈಗಿನ ಗೈಡುಗಳಲ್ಲಿ ‘ಪ್ರಾದೇಶಿಕತೆ’ ಎಂಬ ತಲೆಬರಹದ ಕೆಳಗೆ ನಾಲ್ಕು ಅಂಶಗಳಿರುತ್ತವೆ. ಕಾದಂಬರಿಯ ಹೆಸರು ಬದಲಿಸಿದರೆ ಅದೇ ನಾಲ್ಕು ಎಲ್ಲಕ್ಕೂ ಹೊಂದುತ್ತವೆ. ಮಕ್ಕಳಿಗೆ ಪೂರ್ತಿ ಅಂಕವೂ ಬರುತ್ತದೆ. ಬರಲಿ. ಅರ್ಧ ಅಂಕ ಕಳೆದುಕೊಂಡ ನಮಗೆ ಮಾತ್ರ ಇವತ್ತಿಗೂ ಯಾವ ಪುಸ್ತಕ ತೆರೆದರೂ ಮೊದಲು ಮುದ್ರಣದ ಇಸವಿಗೇ ಕಣ್ಣು ಹೋಗುತ್ತದೆ, ಅದೊಂದು ಜಂಬ.

ಅವರನ್ನು ಕೆಣಕಲೆಂದು ಹಾಸ್ಟೆಲಿನ ಹಿಂದಿನ ಬೆಂಚಿನವರು ಒಮ್ಮೆ ಒಂದು ವಚನ ಹೊಸೆದರು. ಓಲೆಗರಿಯಲ್ಲಿ ಸಿಕ್ಕಿದ್ದು, 12ನೇ ಶತಮಾನದ್ದು, ಎಲ್ಲೂ ಅಚ್ಚಾಗಿಲ್ಲ ಎಂದು ಹೇಳಿ ಮೇಜಿನ ಮೇಲಿಟ್ಟರು. ಅಂಕಿತ ಸರಿಯಾಗಿತ್ತು, ಲಯವೂ ನಡೆಯುತ್ತಿತ್ತು. ಮೆಣಸಿನಕಾಯಿಯ ಖಾರಕ್ಕೆ ನಾಲಿಗೆ ಸುಟ್ಟಂತೆ ಸಂಸಾರ ಸುಟ್ಟಿತು ಎಂಬ ಹೋಲಿಕೆ ಬೇರೆ. ಮೇಷ್ಟ್ರು ಎರಡು ಸಲ ಓದಿದರು. ಬೈಯಲಿಲ್ಲ, ಪಾಠವನ್ನೇ ಮಾಡಿದರು. ಮೆಣಸಿನಕಾಯಿ ಅಮೆರಿಕ ಖಂಡದ ಗಿಡ, ಪೋರ್ಚುಗೀಸರ ಹಡಗಿನಲ್ಲಿ ಇತ್ತ ಬಂದದ್ದು 16ನೇ ಶತಮಾನದಲ್ಲಿ. ಬಸವಣ್ಣನವರ ಕಾಲದ ಖಾರವೆಂದರೆ ಕರಿಮೆಣಸು. ಹಾಗೆಂದು ಒಂದೇ ಪದ ಹಿಡಿದು ತೀರ್ಪು ಕೊಡಬೇಡಿ, ಪ್ರತಿ ಮಾಡಿದವನೂ ತನ್ನ ಕಾಲದ ಮಾತು ತೂರಿಸಿರುತ್ತಾನೆ. ಒಂದು ಪದ ಅನುಮಾನ, ಮೂರು ಸಿಕ್ಕರೆ ಸಾಕ್ಷಿ ಎಂದು ಹೇಳಿ, ಮುಂದಿನ ಸಾಲಿನಲ್ಲಿದ್ದ ‘ಜಮೀನು’, ಅದರ ಕೆಳಗಿದ್ದ ‘ಅರ್ಜಿ’ ಎರಡರ ಸುತ್ತಲೂ ಗೆರೆ ಎಳೆದರು. ಎರಡೂ ಬಸವಣ್ಣನವರ ಕಾಲದ ಆಮೇಲೆ ಪಾರಸಿ, ಅರಬ್ಬಿಯ ಕಡೆಯಿಂದ ಕನ್ನಡಕ್ಕೆ ಬಂದ ಮಾತುಗಳು.

ಹಾಳೆ ವಾಪಸು ಬಂದಾಗ ಅಂಕಿತದ ಕೆಳಗೆ ಕೆಂಪು ಶಾಯಿಯಲ್ಲಿ ಬರೆದಿತ್ತು: “ಕಾಲ: ನಿನ್ನೆ ರಾತ್ರಿ ಊಟವಾದ ಮೇಲೆ. ಸ್ಥಳ: ಹಾಸ್ಟೆಲ್. ಸಾರಿಗೆ ಖಾರ ಜಾಸ್ತಿಯಾಗಿದೆ, ವಾರ್ಡನ್ನರಿಗೆ ಹೇಳುತ್ತೇನೆ.”