ಹನ್ನೊಂದನೇ ಬೇತಾಳ ಸಿಕ್ಕಿಬಿತ್ತು

ನಿನ್ನೆ ರಾತ್ರಿ ಒಂದೂವರೆಗೆ ನಾನು ಬರೆಯುತ್ತಿರುವ ಯುದ್ಧದಾಟದಲ್ಲಿ ಎರಡು ಮಷೀನುಗಳ ಸಿಂಕ್ ತಪ್ಪುವ (ಒಂದರಲ್ಲಿ ಒಂದು, ಇನ್ನೊಂದರಲ್ಲಿ ಇನ್ನೊಂದು ನಡೆಯುವ) ಕಾಟ ತೀರಿತು! ಮೂರು ವಾರ ಜೀವ ತಿಂದಿತ್ತು. ಮ್ಯಾಪ್ ಎಡಿಟರ್, ಚಿನ್ನದ ಗಣಿ, ಗಂಧರ್ವರ ಚಿತ್ರ (ಸ್ಪ್ರೈಟ್) ಎಲ್ಲ ಮುಗಿದಿವೆ, ಅವುಗಳ ಸುದ್ದಿ ಇನ್ನೊಮ್ಮೆ.

ನಮ್ಮ ಆಟ ಬ್ರೌಸರಿನಲ್ಲಿ ಓಡುವ ಲಾಕ್‌ಸ್ಟೆಪ್. ಆಜ್ಞೆಗಳಷ್ಟೇ ಆ ಕಡೆ ಈ ಕಡೆ ಹೋಗುತ್ತವೆ, ಕಾಳಗದ ಲೆಕ್ಕ ಎರಡೂ ಮಷೀನಿನಲ್ಲಿ ಒಂದೇ ಬರಬೇಕು. ವಿಜಯಪುರದಲ್ಲಿ ನಾನು, ಜಮಖಂಡಿಯಲ್ಲಿ ಸೋದರಮಾವನ ಮಗ. ಅವನದು ವಿಂಡೋಸ್ ಎಕ್ಸ್‌ಪಿ ಇರುವ ಹಳೇ ಡೆಸ್ಕ್‌ಟಾಪ್. ಎಕ್ಸ್‌ಪಿಗೆ ಕ್ರೋಮ್ ಬ್ರೌಸರ್ ನಿಂತದ್ದೇ 49ನೇ ಆವೃತ್ತಿಗೆ. ಐದಾರು ನಿಮಿಷ ಸುಸೂತ್ರ ನಡೆಯುತ್ತಿತ್ತು. ಆಮೇಲೆ ನನ್ನ ಪರದೆಯಲ್ಲಿ ಅವನ ಕೋಟೆಯ ಅಗಸೆ ಬಾಗಿಲು ಬಿದ್ದಿರುತ್ತಿತ್ತು, ಅವನ ಪರದೆಯಲ್ಲಿ ನನ್ನ ಪಡೆಯ ಬೇತಾಳಗಳೆಲ್ಲ ಸತ್ತಿರುತ್ತಿದ್ದವು. "ಯಣ್ಣಾ, ನಾ ಗೆದ್ನಿ!" ಅಂತ ಅವನ ಫೋನು, ಇಲ್ಲಿ ನನ್ನ ಗೆಲುವಿನ ಕಹಳೆ.

ಮೊದಲ ಸಂಶಯ ಕೋನದ ಸೈನ್ ಬೆಲೆ ಕೊಡುವ ಮ್ಯಾಥ್ ಡಾಟ್ ಸೈನ್ ಮೇಲೆ. ಅದರ ಉತ್ತರ ಎಲ್ಲ ಬ್ರೌಸರಿನಲ್ಲೂ ಕೊನೆಯ ಅಂಕಿಯವರೆಗೆ ಒಂದೇ ಇರಬೇಕೆಂಬ ಕಟ್ಟು ಜಾವಾಸ್ಕ್ರಿಪ್ಟಿನಲ್ಲಿಲ್ಲ. ಕೋನಗಳಿಗೆಲ್ಲ ಪೂರ್ಣಾಂಕದ ಕೋಷ್ಟಕ ಹಾಕಿದೆ. ಊಹೂಂ. ರ್‍ಯಾಂಡಮ್ ಸೀಡ್, ಅಂದರೆ ಆಟದ ದಾಳ ಎಲ್ಲಿಂದ ಶುರುವಾಗಬೇಕೆಂಬ ಅಂಕಿ, ಸರಿಯಾಗಿಯೇ ಇತ್ತು. ಅವನ ರ್‍ಯಾಮ್ ಕೆಟ್ಟಿರಬಹುದೆಂದು 2 ಜಿಬಿ ಡಿಡಿಆರ್2 ಕೊಂಡು ಬಸ್ಸಿಗೆ ಹಾಕಿ ಕಳಿಸಿದೆ. ಪೊಟ್ಟಣದೊಳಗೆ ಇದ್ದದ್ದು ಡಿಡಿಆರ್3, ಸ್ಲಾಟಿನ ಕಚ್ಚಿಗೆ ಕೂಡುವುದೇ ಇಲ್ಲ. ಅಂಗಡಿಯವರು ವಾಪಸ್ ತಗೊಳ್ಳಲಿಲ್ಲ. ಆ ಸಿಟ್ಟು ಇನ್ನೂ ಇಳಿದಿಲ್ಲ.

ಕೊನೆಗೆ ಪ್ರತಿ ಟರ್ನಿಗೂ ಆಟದ ಸ್ಥಿತಿಯ ಗುರುತು ಅಂಕಿ, ಅಂದರೆ ಚೆಕ್‌ಸಮ್ ತೆಗೆದು, ಮೊದಲು ತಪ್ಪಿದ ಟರ್ನಿನ ಎರಡೂ ಕಡೆಯ ಲಾಗ್ ಅಕ್ಕಪಕ್ಕ ಇಟ್ಟು ಬೆರಳಿಟ್ಟು ಓದಿದೆ. ಅವನ ಬುರುಜಿನ ಬಿಲ್ಲುಗಾರ ನನ್ನಲ್ಲಿ 4ನೇ ಬೇತಾಳಕ್ಕೆ ಹೊಡೆದಿದ್ದ, ಅವನಲ್ಲಿ 7ನೇದಕ್ಕೆ. ಎರಡೂ ಬುರುಜಿನಿಂದ ಸಮ ದೂರ.

ಬುರುಜು ಅಂದ ಕೂಡಲೇ ಹೇಳಿಬಿಡುತ್ತೇನೆ, ಮುಂದಿನ ಮ್ಯಾಪು ನಮ್ಮೂರೇ. ಉಪ್ಪಲಿ ಬುರುಜು, ಮಲಿಕ್-ಎ-ಮೈದಾನ್ ಫಿರಂಗಿ, ಜೊತೆಗೆ 1656ರಲ್ಲಿ ಮುಗಿದ ಗೋಲಗುಮ್ಮಟ. ಅದರ ಪಿಸುಮಾತಿನ ಮೊಗಸಾಲೆಯಲ್ಲಿ ಗೂಢಚಾರನನ್ನು ನಿಲ್ಲಿಸಿದರೆ ಎದುರು ಗೋಡೆಗೆ ನಿಂತ ಶತ್ರುವಿನ ಆಜ್ಞೆ ಕೇಳಬೇಕು. ಲಾಕ್‌ಸ್ಟೆಪ್‌ನಲ್ಲಿ ಎದುರಾಳಿಯ ಆಜ್ಞೆ ಹೇಗೂ ನಮ್ಮ ಮಷೀನಿಗೆ ಬಂದೇ ಇರುತ್ತದೆ, ತೋರಿಸುವುದಷ್ಟೇ ಬಾಕಿ.

ಇರಲಿ. ಬಿಲ್ಲುಗಾರ ಗುರಿ ಆರಿಸುವಾಗ ಶತ್ರುಗಳ ಪಟ್ಟಿಯನ್ನು ದೂರದ ಪ್ರಕಾರ ಸಾಲಾಗಿ ಜೋಡಿಸುತ್ತಾನೆ (ಸಾರ್ಟ್). ಹಳೇ ಕ್ರೋಮಿನ ಜಾವಾಸ್ಕ್ರಿಪ್ಟ್ ಎಂಜಿನ್ ವಿ8 ಹತ್ತರವರೆಗಿನ ಪಟ್ಟಿಗೆ ಇನ್ಸರ್ಷನ್ ಸಾರ್ಟ್ ಎಂಬ ವಿಧಾನ ಬಳಸುತ್ತಿತ್ತು, ಸಮ ಇದ್ದವರ ಸರದಿ ಕೆಡುತ್ತಿರಲಿಲ್ಲ. ಹನ್ನೊಂದಾದರೆ ಕ್ವಿಕ್‌ಸಾರ್ಟ್, ಸಮ ಇದ್ದವರು ಹಿಂದುಮುಂದಾಗಬಹುದು. 2018ರ ಕ್ರೋಮ್ 70ರಿಂದ ಇದು ಸರಿಹೋಯಿತು, 2019ರಲ್ಲಿ ಜಾವಾಸ್ಕ್ರಿಪ್ಟ್ ಭಾಷೆಯ ನಿಯಮವೇ ಆಯಿತು. ನನ್ನದು ಹೊಸದು, ಅವನದು 49. ನಾನು ಹನ್ನೊಂದನೇ ಬೇತಾಳ ಕರೆಸಿದಾಗಲೆಲ್ಲ ಎರಡು ಲೋಕಗಳು ಬೇರೆಯಾಗುತ್ತಿದ್ದವು!

ತಿದ್ದಿದ್ದು ಒಂದೇ ಸಾಲು: ದೂರ ಸಮ ಬಂದರೆ ಐಡಿ ಚಿಕ್ಕದಿದ್ದವರು ಮೊದಲು. ಆ ಹೊತ್ತಿನಲ್ಲೇ ಅವನನ್ನು ಎಬ್ಬಿಸಿ ನಲವತ್ತು ನಿಮಿಷ ಆಡಿಸಿದೆ. ಮೂವತ್ತೊಂದು ಬೇತಾಳ, ಒಂದೂ ಚೆಕ್‌ಸಮ್ ತಪ್ಪಲಿಲ್ಲ. ಅಗಸೆ ಎರಡೂ ಕಡೆ ಒಟ್ಟಿಗೇ ಬಿತ್ತು. ಫೋನಿನಲ್ಲಿ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಯಣ್ಣಾ, ಈ ಸಲ ಖರೇನ ಸೋತ್ನಿ ನೋಡು. ಇನ್ನೊಂದ ಆಟ ಹಚ್ಚು."