ಗೇಲಿಕ್ ಊರ ಹೆಸರುಗಳಿಗೆ ನಿಘಂಟೊಂದೇ ಸಾಲದೇಕೆ?

ಐರ್ಲೆಂಡಿನ ಸ್ಥಳನಾಮಗಳಲ್ಲಿ ನನಗಿರುವ ಆಸಕ್ತಿಯನ್ನು ಬಲ್ಲವರು ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ. ನಕ್ಷೆಯಲ್ಲಿ ಹೆಸರಿದೆ, ಅಲ್ಲಿನ ಮೂಲ ಭಾಷೆಯಾದ ಐರಿಷ್ ಗೇಲಿಕ್‌ನ ನಿಘಂಟು ಕೈಗೆಟಕುವಂತಿದೆ. ಹೀಗಿರುವಾಗ ಹೆಸರನ್ನು ಬಿಡಿಸಿ ಅರ್ಥ ಬರೆದಿಡಲು ಹಳೆಯ ದಾಖಲೆಗಳು, ಊರಿನ ಹಿರಿಯರು, ಇಷ್ಟೆಲ್ಲ ಏಕೆ ಬೇಕು?

ನಕ್ಷೆಯಲ್ಲಿ ನಾವು ಓದುವ ಬಹುಪಾಲು ಹೆಸರುಗಳು ಗೇಲಿಕ್ ಉಚ್ಚಾರವನ್ನು ಇಂಗ್ಲಿಷ್ ಕಾಗುಣಿತಕ್ಕೆ ಒಗ್ಗಿಸಿದ ರೂಪಗಳು; ಹಾಗೆ ಒಗ್ಗಿಸುವಾಗ ಅರ್ಥಭೇದವನ್ನು ತಿಳಿಸುತ್ತಿದ್ದ ಧ್ವನಿಗಳೇ ಅನೇಕ ಕಡೆ ಅಳಿಸಿಹೋಗಿವೆ. ‘ಕಿಲ್ಮೋರ್’ ಎಂಬ ಹೆಸರನ್ನೇ ನೋಡಿ. ಅದರ ಮೊದಲ ಭಾಗ ಚರ್ಚು ಎಂಬ ಅರ್ಥದ ಪದವಾಗಿರಬಹುದು, ಕಾಡು ಎಂಬ ಅರ್ಥದ ಪದವೂ ಆಗಿರಬಹುದು. ಗೇಲಿಕ್‌ನಲ್ಲಿ ಮೊದಲನೆಯದರ ಕಕಾರ ತಾಲುವಿನ ಕಡೆಗೆ ಸರಿದದ್ದು, ಎರಡನೆಯದರದು ಹಿಂದಕ್ಕೆ ಸರಿದದ್ದು; ಇಂಗ್ಲಿಷ್ ಬರಹದಲ್ಲಿ ಎರಡೂ ಒಂದೇ. ಕ್ಯಾವನ್ ಕೌಂಟಿಯ ಕಿಲ್ಮೋರ್ ಚರ್ಚಿನದೇ ಹೆಸರು, ಅಲ್ಲಿ ಧರ್ಮಪ್ರಾಂತ್ಯವೇ ಇದೆ. ಆದರೆ ಅದನ್ನು ನೋಡಿಕೊಂಡು ಇನ್ನೊಂದು ಕೌಂಟಿಯ ಕಿಲ್ಮೋರ್‌ಗೂ ಅದೇ ಅರ್ಥ ಬರೆದರೆ ಅಲ್ಲಿದ್ದ ಕಾಡನ್ನು ಚರಿತ್ರೆಯಿಂದಲೇ ಅಳಿಸಿದಂತಾಗಬಹುದು. ‘ಬ್ಯಾಲಿ’ ಎಂದು ಆರಂಭವಾಗುವ ಹೆಸರುಗಳಲ್ಲಿಯೂ ಇದೇ ಅಪಾಯವಿದೆ. ಅವುಗಳಲ್ಲಿ ಹೆಚ್ಚಿನವು ‘ಬಾಲೆ’, ಅಂದರೆ ಊರು, ಎಂಬ ಪದದಿಂದ ಬಂದವು. ಡಾನಿಗಾಲ್‌ನ ಬ್ಯಾಲಿಶಾನನ್‌ನಲ್ಲಾದರೋ ಇರುವುದು ಹೊಳೆ ದಾಟುವ ಕಡವಿನ ಬಾಯಿ.

ಈ ತೊಡಕನ್ನು ಚೆನ್ನಾಗಿ ಅರಿತಿದ್ದವರು ಗೇಲಿಕ್ ವಿದ್ವಾಂಸ ಜಾನ್ ಓಡೊನೊವನ್. 1824ರಲ್ಲಿ ಆರಂಭವಾದ ಆರ್ಡ್‌ನೆನ್ಸ್ ಸರ್ವೆ ಎಂಬ ಸರ್ಕಾರಿ ಭೂಮಾಪನ ಇಡೀ ಐರ್ಲೆಂಡನ್ನು ಮೈಲಿಗೆ ಆರು ಇಂಚಿನ ಪ್ರಮಾಣದಲ್ಲಿ ಅಳೆಯುತ್ತಿದ್ದಾಗ, 1830ರಲ್ಲಿ ಅವರು ಹೆಸರುಗಳ ಕೆಲಸಕ್ಕೆ ಸೇರಿದರು. ಟೌನ್‌ಲ್ಯಾಂಡ್ ಎಂದು ಕರೆಯುವ ಚಿಕ್ಕ ಗ್ರಾಮಭಾಗಗಳೇ ಅಲ್ಲಿ 60,000ಕ್ಕೂ ಹೆಚ್ಚು. ಸರ್ವೆಯ ‘ನೇಮ್ ಬುಕ್’ಗಳಲ್ಲಿ ಒಂದೊಂದು ಹೆಸರಿಗೂ ಹಳೆಯ ನಕ್ಷೆ, ತೆರಿಗೆಯ ಪಟ್ಟಿ, ಸ್ಥಳೀಯರ ಬರಹ ಇವುಗಳಲ್ಲಿ ಕಂಡ ಬೇರೆ ಬೇರೆ ಕಾಗುಣಿತಗಳನ್ನು, ಪ್ರತಿಯೊಂದೂ ಎಲ್ಲಿಂದ ಬಂತೆಂಬ ಟಿಪ್ಪಣಿಯ ಸಮೇತ, ಒಂದರ ಕೆಳಗೊಂದು ಬರೆದಿದ್ದಾರೆ. ಓಡೊನೊವನ್ ಊರೂರಿಗೆ ಹೋಗಿ, ಗೇಲಿಕ್ ಮಾತನಾಡುವ ಹಿರಿಯರ ಬಾಯಲ್ಲಿ ಹೆಸರನ್ನು ಕೇಳಿ, ಅದರ ಗೇಲಿಕ್ ರೂಪವನ್ನು ಸೇರಿಸುತ್ತಿದ್ದರು. ನಕ್ಷೆಗೆ ಹೋದದ್ದು ಇಂಗ್ಲಿಷ್ ರೂಪವೇ, ಅದು ನನಗೆ ಇಂದಿಗೂ ನೋವಿನ ಸಂಗತಿ. ಆದರೂ ಗೇಲಿಕ್ ಮಾತು ಆಮೇಲೆ ನಿಂತುಹೋದ ಪ್ರದೇಶಗಳಲ್ಲಿ ಅವರ ಕಿವಿಗೆ ಬಿದ್ದದ್ದನ್ನು ಇಂದು ಯಾರೂ ಮತ್ತೆ ಕೇಳಲಾರರು. ಆ ಪುಸ್ತಕಗಳಿಗೆ ಬೆಲೆ ಬಂದದ್ದು ಅದರಿಂದಲೇ.

ಕಾಗುಣಿತದ ವಿಷಯದಲ್ಲಿ ಒಂದನ್ನು ಒತ್ತಿ ಹೇಳಬೇಕು. ಗೇಲಿಕ್ ಸ್ವರದ ಮೇಲಿನ ಓರೆಗೆರೆ ಅಲಂಕಾರಕ್ಕಿರುವುದಲ್ಲ: ಅದಿಲ್ಲದಿದ್ದರೆ ‘ಗಂಡಸು’ ಎಂದಾಗುವ ಪದ, ಅದಿದ್ದರೆ ‘ಹುಲ್ಲು’ ಎಂದಾಗುತ್ತದೆ. ಟೈಪಿಸುವ ಅನುಕೂಲಕ್ಕಾಗಿ ಅದನ್ನು ಬಿಡುವವರು ಅರ್ಥವನ್ನೂ ಬಿಟ್ಟುಕೊಡುತ್ತಾರೆ. ಅಧಿಕೃತ ರೂಪ ಯಾವುದೆಂಬುದು ಬೇರೆಯೇ ಪ್ರಶ್ನೆ. ಕೆರಿ ಕೌಂಟಿಯ ಡಿಂಗಲ್ ಪಟ್ಟಣಕ್ಕೆ ಗೇಲಿಕ್ ಹೆಸರೊಂದೇ ಅಧಿಕೃತವೆಂದು 2005ರಲ್ಲಿ ಜಾರಿಗೆ ಬಂದ ಸರ್ಕಾರಿ ಆದೇಶವನ್ನು ಊರವರು ಒಪ್ಪದೆ, ಅದು ಮತದಾನದವರೆಗೂ ಹೋಗಿ, ಕಡೆಗೆ 2011ರಲ್ಲಿ ಕಾನೂನೇ ಬದಲಾಯಿತು.

ನಕ್ಷೆಗೇ ಏರದ ಹೆಸರುಗಳ ಪಾಡು ಇನ್ನೂ ಕಷ್ಟದ್ದು. ಹೊಲ, ಬಂಡೆ, ಮೀನು ಹಿಡಿಯುವ ಜಾಗ ಇವುಗಳ ಹೆಸರು ಕೆಲವೇ ಮನೆಯವರ ಬಾಯಲ್ಲಿರುತ್ತದೆ. ಅಂಥದ್ದಕ್ಕೆ ಮೊದಲು ಬೇಕಾದದ್ದು ಹೇಳುವವರ ಧ್ವನಿಮುದ್ರಣ ಮತ್ತು ಸ್ಥಳದ ಗುರುತು. ಅರ್ಥ ಖಚಿತವಾಗದಿದ್ದರೆ ದಾಖಲೆಯಲ್ಲಿ ಅದನ್ನು ಬರೆಯುವ ಜಾಗವನ್ನು ಖಾಲಿ ಬಿಡಬಹುದು, ಮುಂದೆ ಬರುವವರು ತುಂಬಿಯಾರು.